ಜೀವದ ಕಬ್ಜೇದಾರ

ಮುದ್ದೇಬಿಹಾಳದ ಮಾಮಲೇದಾರ ಕಚೇರಿಯ ಎದುರು, ತಗಡಿನ ಚಪ್ಪರದಡಿ ಕುಳಿತು ಜನರ ಹೊಲ-ಮನೆಯ ಬಾಂಡ್ ಬರೆಯುತ್ತಿದ್ದ ಕಾಕಾ ತೀರಿಕೊಂಡರೆಂದು ಹೋದ ವಾರ ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ನನಗೆ ತಿಳಿಯಿತು. ಸುದ್ದಿ ಹೇಳಿದ ಪುಣ್ಯಾತ್ಮನಿಗೆ ಮಹಾ ಅವಸರ. ಇಂಡಿ ಊರಿಗೆ ಹೋಗುವ ಬಸ್ಸು ಹೊರಟುಬಿಟ್ಟಿತ್ತು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡೇ ಕೂಗಿದ:

"ಮಾಸ್ತರ, ನಿಮ್ಮ ಬಾಂಡಿನ ಕಾಕಾ ಹೋದ್ರಂತ್ರಿ! ಜಡ್ಡಿಲ್ಲ ಜಾಪತ್ರಿ ಇಲ್ಲ, ಉಂಡು ಮಲಕೊಂಡಾವ್ರು ಏಳಲೇ ಇಲ್ಲಂತ!"

ಕಾಕಾ ಅಲ್ಲಿದ್ದಿದ್ದರೆ ಅವನನ್ನು ಬಸ್ಸಿನಿಂದ ಇಳಿಸಿ, ಎದುರು ಕೂರಿಸಿ, ಮೊದಲಿಂದ ಸಾವಕಾಶವಾಗಿ ಹೇಳಿಸುತ್ತಿದ್ದರು. ತಮ್ಮ ಸಾವಿನ ಸುದ್ದಿಯನ್ನೂ ಅರ್ಧಮರ್ಧ ಕೇಳಿಸಿಕೊಳ್ಳುವ ಮನುಷ್ಯರಾಗಿರಲಿಲ್ಲ ಅವರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರೇ ತಮ್ಮ ಹೆಸರನ್ನು ಕಾಗದದ ಕಟ್ಟಕಡೆಗೆ, ಸಾಕ್ಷಿದಾರರ ಹೆಬ್ಬಟ್ಟುಗಳಿಗೂ ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣಗೆ ಬರೆಯುತ್ತಿದ್ದರು. ಬರೆದವನ ಹೆಸರು ದೊಡ್ಡದಾದರೆ ಬರೆಸಿದವನಿಗೆ ಅವಮಾನ ಎಂದು ಅವರ ಲೆಕ್ಕ. ಆದರೆ ಓದಿ ಹೇಳುವಾಗ ಆ ಸಾಲನ್ನೂ ಬಿಡುತ್ತಿರಲಿಲ್ಲ. "ಈ ಕಾಗದಾ ಬರದಾಂವ ಇಂಥಾಂವ" ಎಂದು ತಮ್ಮ ಹೆಸರನ್ನು ಗಟ್ಟಿಯಾಗಿ ಓದಿಯೇ ಟಾಕನ್ನು ಒರೆಸಿ ಇಡುತ್ತಿದ್ದರು. ನಾಳೆ ಏನಾದರೂ ಎಡವಟ್ಟಾದರೆ ಯಾರ ಕುತ್ತಿಗೆ ಹಿಡಿಯಬೇಕು ಎಂದು ಜನರಿಗೆ ಗೊತ್ತಿರಬೇಕಂತೆ.

ನಾಲತವಾಡದ ಹಳೆಯ ಮನೆತನ ಅವರದು. ಎತ್ತರದ ಆಳು, ಬಿಳಿ ಪಾಯಿಜಾಮ, ಕರಿ ಟೊಪ್ಪಿಗೆ, ಟೊಪ್ಪಿಗೆಯ ಅಂಚು ಎಣ್ಣೆ ಹಿಡಿದು ಮಿಂಚುತ್ತಿತ್ತು. ಅಜ್ಜನ ಕಾಲದಿಂದ ಅವರದು ಬರೆಯುವ ಮನೆ. ಮೋಡಿ ಲಿಪಿಯ ಹಳೆಯ ಕಾಗದ ಓದಲು ವಕೀಲರು ಕೂಡ ಇವರ ಚಪ್ಪರಕ್ಕೇ ಬರಬೇಕಾಗಿತ್ತು. ಕನ್ನಡ ಬರೆದರೆ ಅಚ್ಚು ಹಾಕಿದಂತೆ. ಆ ವಿಷಯದಲ್ಲಿ ಅವರಿಗೆ ಸ್ವಲ್ಪ ಸೊಕ್ಕೂ ಇತ್ತು ಎಂದು ಪ್ರೀತಿಯಿಂದಲೇ ಹೇಳುತ್ತೇನೆ. ಕೋರ್ಟಿಗೆ ಟೈಪ್ ಮಾಡುವ ಮಶೀನು ಬಂದಾಗ ಊರ ಮಂದಿಯೆಲ್ಲ ಕಿಟಕಿಗೆ ಮುಖ ಹಚ್ಚಿ ನೋಡಿದರು. ಇವರು ಮಾತ್ರ ಎದ್ದು ಹೋಗಲಿಲ್ಲ. ಟೈಪಾದ ಕಾಗದವೊಂದನ್ನು ಯಾರೋ ತಂದು ತೋರಿಸಿದಾಗ ಎರಡೂ ಬದಿ ತಿರುಗಿಸಿ ನೋಡಿ, "ಎಲ್ಲಾ ಅಕ್ಷರ ಒಂದs ಥರಾ ಅದಾವ. ಯಾರ ಬರದ್ರು ಅಂತ ಹೆಂಗ ತಿಳೀಬೇಕು?" ಎಂದು ವಾಪಸು ಕೊಟ್ಟರು.

ನನಗೆ ಅವರ ಪರಿಚಯವಾದದ್ದು ಈ ಅಕ್ಷರದ ದೆಸೆಯಿಂದಲೇ. ಆಗ ನಾನು ಮುದ್ದೇಬಿಹಾಳದ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ನನ್ನ ಅಕ್ಷರಕ್ಕೆ ಶಾಲೆಯಲ್ಲಿ ದೊಡ್ಡ ಹೆಸರಿತ್ತು, ಫಳಕದ ಮೇಲಿನ ಸುವಿಚಾರವನ್ನು ದಿನಾ ನನ್ನಿಂದಲೇ ಬರೆಸುತ್ತಿದ್ದರು. ಬೇಸಿಗೆಯ ಸೂಟಿಯಲ್ಲಿ ಕಾಕಾನ ಬಳಿ ಕುಳಿತು ನಕಲು ಬರೆದುಕೊಡತೊಡಗಿದೆ. ಮೊದಲ ದಿನವೇ ಮರ್ಯಾದೆ ಹೋಯಿತು. ಒಂದು ಸಾಲಿನ ಕೊನೆಗೆ ಶಬ್ದ ಹಿಡಿಯಲಿಲ್ಲವೆಂದು ಸ್ವಲ್ಪ ಜಾಗ ಬಿಟ್ಟು ಮುಂದಿನ ಸಾಲಿಗೆ ಹೋಗಿದ್ದೆ. ಕಾಕಾ ಬೆರಳಿಟ್ಟು ತೋರಿಸಿದರು.

"ಮಾಸ್ತರ, ಇದೇನ್ರಿ, ಇಲ್ಲೊಂದು ಚಕ್ಕಡಿ ಹಾಯಾಕ ದಾರಿ ಬಿಟ್ಟೀರಲ್ಲ?"

"ಶಬ್ದ ಹಿಡೀಲಿಲ್ರಿ ಕಾಕಾ."

"ನಿಮ್ಮ ಶಬ್ದ ಹಿಡೀಲಿಲ್ಲ, ಖರೆ. ನಾಳೆ ಇನ್ನೊಬ್ಬ ಬಂದು ತನ್ನ ಶಬ್ದ ಹಿಡಸ್ತಾನ. ಗೀಟು ಹೊಡೀರಿ."

ಅಂದಿನಿಂದ ಖಾಲಿ ಬಿಟ್ಟಲ್ಲೆಲ್ಲ ಗೀಟು ಹೊಡೆಯುವ ಚಟ ನನಗೆ ಎಷ್ಟು ಅಂಟಿತೆಂದರೆ ಹೆಂಡತಿಗೆ ಬರೆದ ಪತ್ರದಲ್ಲೂ ಸಾಲಿನ ಕೊನೆಗೆ ಗೀಟು ಹೊಡೆಯುತ್ತಿದ್ದೆ. ತವರಿನಲ್ಲಿದ್ದ ಆಕೆ, ಬರೆಯಬೇಕೆಂದು ಬರೆಯದೆ ಉಳಿಸಿದ ಮಾತುಗಳು ಅವು ಎಂದು ತಿಳಿದು ಬಹಳ ದಿನ ಸಂತೋಷಪಟ್ಟಿದ್ದಳಂತೆ.

ಬರೆಯುವುದಕ್ಕಿಂತ ಓದಿ ಹೇಳುವುದೇ ಕಾಕಾನಿಗೆ ದೊಡ್ಡ ಕೆಲಸ. ಬರೆಯಲು ಅರ್ಧ ತಾಸು ಹಿಡಿದರೆ ಓದಲು ಒಂದು ತಾಸು. ಕೊಡುವವರು, ಕೊಳ್ಳುವವರು, ಸಾಕ್ಷಿಗಳು ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಒಂದೊಂದೇ ಸಾಲು ಓದುವರು. ಮುಗಿದ ಮೇಲೆ ಮೂರು ಪ್ರಶ್ನೆ: "ಕೇಳಿದ್ರಿ? ತಿಳೀತು? ಒಪ್ಪಿಗಿ ಐತಿ?" ಮೂರಕ್ಕೂ ಒಂದೇ ಸಲ "ಹೂಂನ್ರಿ" ಎಂದರೆ ನಡೆಯುತ್ತಿರಲಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬೇಕು. ಯಾರಾದರೂ ಗಡಿಬಿಡಿಯಲ್ಲಿ ಒಪ್ಪಿಕೊಂಡರೆ ಕಾಗದವನ್ನು ತಿರುಗಿ ಮೊದಲಿಂದ ಓದತೊಡಗುವರು. "ಬಸ್ ಹೋಗ್ತೈತ್ರಿ ಕಾಕಾ" ಎಂದು ಗೋಗರೆದರೆ, "ನಾಳೆನೂ ಬರ್ತೈತಿ, ಹೊಲಾ ಹಂಗ ಬರಂಗಿಲ್ಲ" ಎನ್ನುವರು. ನಮಾಜಿನ ಹೊತ್ತಾದರೆ ಓದುತ್ತಿದ್ದ ಸಾಲಿಗೆ ಕಡ್ಡಿ ಇಟ್ಟು ಎದ್ದು ಹೋಗಿ, ಬಂದು ಅದೇ ಸಾಲಿನಿಂದ ಮುಂದುವರಿಸುವರು. ಆ ಹೊತ್ತಿನಲ್ಲಿ ಗಿರಾಕಿಗಳು ಪಕ್ಕದ ಅಂಗಡಿಯ ಮಿರ್ಚಿ ಭಜಿ ತಿಂದು ಕೈ ಒರೆಸಿಕೊಂಡು ಕಾಯುತ್ತಿದ್ದರು. ಭಜಿ ಅಂಗಡಿಯವನ ಅರ್ಧ ಸಂಸಾರ ಕಾಕಾನ ನಿಧಾನದ ಮೇಲೆ ನಡೆಯುತ್ತಿತ್ತು.

ಒಮ್ಮೆ ಬಾಗೇವಾಡಿ ಕಡೆಯ ಇಬ್ಬರು ಅಣ್ಣತಮ್ಮಂದಿರು ವಾಟ್ನಿ ಕಾಗದ ಬರೆಸಲು ಬಂದರು. ಹೊಲ, ಎತ್ತು, ಬಾವಿಯ ಪಾಳಿ, ಹಗೇವು, ಎಲ್ಲ ಎರಡು ಪಾಲು. ಕಾಕಾ ಓದುತ್ತ ಓದುತ್ತ ನಿಂತರು.

"ನಿಮ್ಮ ಅವ್ವ ಇದ್ದಾಳೋ ಇಲ್ಲೋ?"

"ಅದಾಳ್ರಿ, ಗಟ್ಟಿ ಅದಾಳ."

"ಇದರಾಗ ಎಲ್ಲೈತಿ ಆಕಿ ಹೆಸರು?"

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಅವ್ವ ಹೇಗೂ ಯಾರದಾದರೂ ಮನೆಯಲ್ಲಿ ಇದ್ದೇ ಇರುತ್ತಾಳೆ, ಅದನ್ನೇನು ಬರೆಸುವುದು ಎಂದು ಅಣ್ಣನ ಅಭಿಪ್ರಾಯ. ಕಾಕಾ ದೌತಿಯ ಮುಚ್ಚಳ ಹಾಕಿದರು. ಮರುದಿನ ಅಣ್ಣತಮ್ಮಂದಿರು ಮುದುಕಿಯನ್ನು ಚಕ್ಕಡಿಯಲ್ಲಿ ಕೂರಿಸಿ ತಂದರು. ಆಕೆ ಚಪ್ಪರದಡಿ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಪೂರ್ತಿ ಕೇಳಿ, "ನಾ ಇಬ್ರ ಹಂತ್ಯಾಕೂ ಇರಂಗಿಲ್ಲ. ಬೀಸೂಕಲ್ಲಿನ ಖೋಲಿ ನನಗ, ಕರೀ ಎಮ್ಮಿ ನನಗ. ಯಾರಿಗಿ ಹಾಲು ಬೇಕು ಅವ್ರು ನನ್ನ ಕಡೆ ಬರಲಿ" ಎಂದಳು. ಕಾಕಾ ಅದನ್ನು ಅಷ್ಟೇ ಗಾಂಭೀರ್ಯದಿಂದ ಕಾಗದದ ಭಾಷೆಗೆ ಇಳಿಸಿದರು. ಆ ದಿನವೆಲ್ಲ ಅವರ ಮುಖದಲ್ಲಿ ಒಂದು ಸಣ್ಣ ನಗು ಇತ್ತು.

ಇನ್ನು ನಮ್ಮ ಅಪ್ಪನ ಮಾತು. ಅಪ್ಪ ಇಲ್ಲದೆ ಈ ಕಥೆ ಮುಂದೆ ಹೋಗುವುದಿಲ್ಲ.

ನಾಲತವಾಡದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಒಕ್ಕಲುತನ. ಅಪ್ಪ ನೇಮದ ಮನುಷ್ಯ. ಬೆಳಗ್ಗೆ ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮುಗಿಯದೆ ಹನಿ ನೀರು ಬಾಯಿಗೆ ಹಾಕುತ್ತಿರಲಿಲ್ಲ. ಲಿಂಗ ಕಟ್ಟಿಕೊಳ್ಳದವರ ಕೈಯಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮುದ್ದೇಬಿಹಾಳಕ್ಕೆ ಬಂದರೆ ತಮ್ಮದೇ ತಂಬಿಗೆಯ ನೀರು, ತಮ್ಮದೇ ಬುತ್ತಿ. ಮಠದ ಸ್ವಾಮಿಗಳೇ ಒಮ್ಮೆ ನಗುತ್ತ, "ಇಷ್ಟು ನಮಗೂ ಆಗೂದಿಲ್ಲಪ್ಪಾ" ಎಂದಿದ್ದರು. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದರು. ಅವರ ನೇಮ ಅವರದು. ಯಾರನ್ನೂ ಹೀಗಳೆದವರಲ್ಲ, ಸುಳ್ಳು ಆಡಿದವರಲ್ಲ. ಕಾಕಾನ ಮನೆಯ ನೀರು ಕುಡಿಯದಿದ್ದರೂ ನಮ್ಮ ಮನೆತನದ ಪ್ರತಿಯೊಂದು ಕಾಗದವನ್ನೂ ಕಾಕಾನಿಂದಲೇ ಬರೆಸಿದ್ದರು. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಕಾಕಾನಿಗೆ ಅಪ್ಪ ಅಣ್ಣಾರ, ಅಪ್ಪನಿಗೆ ಕಾಕಾ ಸಾಹೇಬ್ರ.

ನನ್ನ ಎರಡನೆಯ ಮಗಳು ಹುಟ್ಟಿದ್ದು ಹಳ್ಳಿಯ ಮನೆಯಲ್ಲಿ. ನಮ್ಮ ಜಿಲ್ಲೆ ಮುಂಬಯಿ ಸರಕಾರದಿಂದ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಕೂಸು ಬೆಳಗಿನ ಜಾವ ಹುಟ್ಟಿತು, ಚೆನ್ನಾಗಿಯೇ ಹುಟ್ಟಿತು. ಆದರೆ ನನ್ನ ಹೆಂಡತಿಗೆ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ತನಗೆ ತಿಳಿದದ್ದೆಲ್ಲ ಮಾಡಿ ಕೈಚೆಲ್ಲಿದಳು. ಚಕ್ಕಡಿಯಲ್ಲಿ ಹುಲ್ಲು ಹಾಸಿ, ಕೌದಿ ಹಾಸಿ, ಆಕೆಯನ್ನು ಮಲಗಿಸಿ, ಹೊತ್ತು ಏರುವಷ್ಟರಲ್ಲಿ ಮುದ್ದೇಬಿಹಾಳದ ದವಾಖಾನೆಗೆ ತಂದೆವು. ಕಚೇರಿಯ ಹಿಂದಿನ ಓಣಿಯಲ್ಲಿದ್ದ ಆ ಡಾಕ್ಟರರು ಸೈನ್ಯದಲ್ಲಿ ಕೆಲಸ ಮಾಡಿ ಬಂದವರು. ಒಬ್ಬರ ಮೈಯಿಂದ ರಕ್ತ ತೆಗೆದು ಇನ್ನೊಬ್ಬರಿಗೆ ಏರಿಸುವುದು ಆ ಸುತ್ತಿನಲ್ಲಿ ಅವರೊಬ್ಬರಿಗೇ ಬರುತ್ತಿತ್ತು. ಅವರು ಹೇಗೋ ರಕ್ತ ಹೋಗುವುದನ್ನು ನಿಲ್ಲಿಸಿದರು. ಹೊರಗೆ ಬಂದು, "ಹೋಗಿದ್ದು ಭಾಳ ಹೋಗೇತಿ. ರಕ್ತಾ ಏರಸದಿದ್ರ ಉಳಿಯಂಗಿಲ್ಲ" ಎಂದರು.

ನನ್ನ ಬೆರಳು ಚುಚ್ಚಿ ಗಾಜಿನ ತುಂಡಿನ ಮೇಲೆ ಆಕೆಯ ರಕ್ತದೊಡನೆ ಕೂಡಿಸಿ ನೋಡಿದರು. ಹೊಂದಲಿಲ್ಲ. ಅಪ್ಪ ತಾವಾಗಿಯೇ ತೋಳು ಏರಿಸಿ ನಿಂತರು. ಅವರದೂ ಹೊಂದಲಿಲ್ಲ. ಹೊಂದಿದ್ದು ಹೊರಗಿನ ಇಬ್ಬರದು: ದವಾಖಾನೆಯ ಕಂಪೌಂಡರನದು ಮತ್ತು ಬೆನ್ನುನೋವಿನ ಔಷಧಕ್ಕೆ ಬಂದಿದ್ದ ಒಬ್ಬ ಲಾರಿ ಡ್ರೈವರನದು. ಇಬ್ಬರೂ ಕೊಡುತ್ತೇವೆ ಎಂದರು. ಅಪ್ಪ ಬೇಡ ಎಂದರು.

"ಲಿಂಗಾ ಕಟ್ಟಿದ ಮೈರಿ ಅದು. ಅವ್ರು ಏನ್ ತಿಂತಾರ, ಏನ್ ಕುಡೀತಾರ ನನಗ ಗೊತ್ತಿಲ್ಲ. ಅವ್ರನ್ನ ನಾ ಕೆಟ್ಟವ್ರು ಅನ್ನಂಗಿಲ್ಲ. ಆದ್ರ ಆ ರಕ್ತಾ ನಮ್ಮ ಸೊಸಿ ಮೈಯಾಗ ಹರೀಬಾರದು. ಶಿವಾ ಇಟ್ಟಾಂಗ ಇರ್ತಾಳ."

ಡಾಕ್ಟರರು ಬಹಳ ಹೇಳಿದರು, ಸಿಟ್ಟು ಮಾಡಿದರು. ಕೊನೆಗೆ ಅವರೂ ಒಬ್ಬ ಮನುಷ್ಯನೇ. ಹಿಂದೆ ಬೇರೆ ಊರಿನಲ್ಲಿ ಕೇಳದೆ ಆಪರೇಶನ್ ಮಾಡಿ ಕೋರ್ಟಿಗೆ ಅಲೆದು ಬಂದವರಂತೆ. "ಹಂಗಾರ ಬರದುಕೊಡ್ರಿ. ನಾಳೆ ಫೌಜದಾರ ನನ್ನ ಬಾಗಿಲಿಗೆ ಬರಬಾರದು. ಮನೀ ಹಿರ್ಯಾರು ಬೇಡಂದ್ರು, ಜವಾಬ್ದಾರಿ ಅವರದು ಅಂತ ಸಾಕ್ಷಿ ಹಾಕಿಸಿ ಕೊಡ್ರಿ. ಏನ್ ಮಾಡೂದಿದ್ರೂ ಜಲ್ದಿ ಮಾಡ್ರಿ" ಎಂದು ಒಳಗೆ ಹೋದರು.

ಅಪ್ಪ ನನ್ನ ಕಡೆ ತಿರುಗಿದರು. "ನೀನs ಬರೀ. ನಿನ್ನ ಅಕ್ಷರ ಛಲೋ ಅದಾವ."

ಬರೆದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ಇಪ್ಪತ್ತಾರನೆಯ ವಯಸ್ಸಿನವರೆಗೆ ಅಪ್ಪನ ಎದುರು ಒಂದು ಮಾತನ್ನೂ ತಿರುಗಿ ಆಡಿದವನಲ್ಲ ನಾನು. ಕೈ ತನ್ನ ಪಾಡಿಗೆ ತಾನು ಬರೆಯುತ್ತಲೇ ಹೋಯಿತು. ದವಾಖಾನೆಯ ಬಾಂಕಿನ ಮೇಲೆ ಕುಳಿತು ಎಡಕ್ಕೆ ಅಂಚು ಬಿಟ್ಟು, ತಲೆಬರಹ ಹಾಕಿ, ಒಂದು ಕಾಟು ಇಲ್ಲದೆ ಬರೆದೆ. ಸಾಲಿನ ಕೊನೆಗೆ ಖಾಲಿ ಉಳಿದಲ್ಲೆಲ್ಲ ಗೀಟು ಹೊಡೆದೆ. ಕಡೆಯ ಸಾಲಿನಲ್ಲಿ "ಬರೆದವನು, ಸದರಿ ರೋಗಿಯ ಗಂಡ" ಎಂದು ನನ್ನ ಹೆಸರನ್ನೂ ಬರೆದೆ. ನನ್ನ ಹೆಂಡತಿಯ ಸಾವಿಗೆ ಪರವಾನಿಗೆಯ ಕಾಗದವನ್ನು ನಾನು ಇಷ್ಟು ಚೊಕ್ಕವಾಗಿ ಬರೆದೆ.

ಸಾಕ್ಷಿಗೆ ಅಪ್ಪ ಹುಡುಕಿಕೊಂಡು ಹೋದದ್ದು ಕಾಕಾನನ್ನೇ. ದವಾಖಾನೆಯಿಂದ ಅವರ ಚಪ್ಪರಕ್ಕೆ ಕೂಗಳತೆ ದೂರ.

ಕಾಕಾ ಕಾಗದವನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ನನ್ನನ್ನು ನೋಡಿದರು.

"ಅಕ್ಷರ ಭಾಳ ಚಂದ ಬಂದಾವ, ಮಾಸ್ತರ."

ಅವರು ಅಪ್ಪನನ್ನು ಎದುರು ಕೂರಿಸಿ ಗಟ್ಟಿಯಾಗಿ ಓದಿದರು. ಪರರ ರಕ್ತವನ್ನು ಧರ್ಮಶ್ರದ್ಧೆಯ ಕಾರಣ ಬೇಡವೆಂದಿದ್ದೇವೆ, ಇದರಿಂದ ಆಗುವ ಹಾನಿಗೆ ಡಾಕ್ಟರರು ಜವಾಬ್ದಾರರಲ್ಲ, ನಾವೇ ಜವಾಬ್ದಾರರು. ಆಮೇಲೆ ಮೂರು ಪ್ರಶ್ನೆ. ಅಪ್ಪ ಮೂರಕ್ಕೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಉತ್ತರಿಸಿದರು.

"ಅಣ್ಣಾರ, ಜವಾಬ್ದಾರಿ ಅಂತ ಬರಸೀರಿ. ಅದು ಬರೇ ಬಾಯಿಮಾತಲ್ಲ. ಆಕಿಗಿ ಏನರ ಆತಂದ್ರ ಪಂಚನಾಮಾ ಆಗ್ತೈತಿ. ಫೌಜದಾರ ಕೇಳ್ತಾನ, ಕೋರ್ಟ್ ಕೇಳ್ತೈತಿ. ಎಲ್ಲಾರ ಮುಂದ ನಿಂತು 'ನಾ ಬ್ಯಾಡಂದೆ' ಅನಬೇಕಾಗ್ತೈತಿ. ಅಂತೀರೇನು?"

"ಅಂತೀನಿ."

"ಒಳಗ ಹಾಕಿದ್ರ?"

"ಹೋಗ್ತೀನಿ. ಜೀವಾ ಉಳಸ್ಕೊಳ್ಳಾಕ ನೇಮಾ ಬಿಟ್ಟಾಂವ ಅಲ್ಲ ನಾ, ಸಾಹೇಬ್ರ. ನನಗs ಹಿಂಗ ಆಗಿದ್ರೂ ಇದs ಬರಸ್ತಿದ್ದೆ."

ಅದು ನಿಜವಾದ ಮಾತು. ಅಪ್ಪ ಜೈಲಿಗೆ ಹೆದರುವವರಾಗಿದ್ದರೆ ಕೆಲಸ ಸುಲಭವಿತ್ತು. ಕಾಕಾ ಕಾಗದವನ್ನು ಅಪ್ಪನ ಕಡೆ ತಿರುಗಿಸಿ ಹಿಡಿದರು.

"ನಿಮ್ಮ ಧೈರ್ಯಕ್ಕ ನನ್ನ ಸಲಾಮು. ಆದ್ರ ಈ ಕಾಗದಾ ನಿಲ್ಲಂಗಿಲ್ರಿ."

"ಯಾಕ?"

"ಮಾಲಕರ ಸಹಿ ಇಲ್ಲ. ಹೊಲಾ ಬರದುಕೊಡೂವಾಗ ಹೊಲದ ಮಾಲಕ ಬರಬೇಕೋ ಬ್ಯಾಡೋ? ಇದು ಜೀವದ ಕಾಗದಾ. ಈ ಜೀವದ ಮಾಲಕ ಯಾರು?"

"ಜೀವದ ಮಾಲಕ ಶಿವಾ," ಎಂದರು ಅಪ್ಪ, ಒಂದು ಕ್ಷಣವೂ ಯೋಚಿಸದೆ.

"ಖರೆ ಐತಿ. ನಮ್ಮ ಕಡೆನೂ ಹಂಗs ಅಂತೇವಿ." ಕಾಕಾ ಟಾಕು ಎತ್ತಿಕೊಂಡು ಕಾಗದದ ಅಂಚಿನಲ್ಲಿ 'ಮಾಲಕರು: ಶಿವ' ಎಂದು ಬರೆದೇಬಿಟ್ಟರು. ಅದರ ಕೆಳಗೆ 'ಕಬ್ಜೇದಾರರು' ಎಂದು ಬರೆದು, ಟಾಕನ್ನು ಗಾಳಿಯಲ್ಲಿ ಹಿಡಿದು ಅಪ್ಪನನ್ನು ನೋಡಿದರು.

ಆ ವರ್ಷಗಳಲ್ಲಿ ನಮ್ಮ ಕಡೆ ಒಕ್ಕಲುತನದವರಿಗೆ ಮಕ್ಕಳ ಹೆಸರು ಮರೆತರೂ ಹೊಲದ ದಾಖಲೆಯ ಉತಾರದೊಳಗಿನ ಕಬ್ಜೇದಾರ ಎಂಬ ಕಾಲಮು ಮರೆಯುತ್ತಿರಲಿಲ್ಲ. ಹೊಲ ಯಾರ ಹೆಸರಿನಲ್ಲಾದರೂ ಇರಲಿ, ಅದು ಯಾರ ಸ್ವಾಧೀನದಲ್ಲಿದೆ, ಯಾರು ದಿನಾ ಅದರಲ್ಲಿ ಕಾಲಿಟ್ಟು ನಡೆಸುತ್ತಿದ್ದಾರೆ, ಅವರೇ ಕಬ್ಜೇದಾರರು. ಅವರನ್ನು ಕೇಳದೆ ಮಾಡಿದ ಕಾಗದ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಗೇಣಿ ಒಕ್ಕಲಿಗೆ ಹಕ್ಕು ಕೊಡುವ ಕುಲದ ಕಾಯಿದೆ ಎಲ್ಲರಿಗೂ ಬಾಯಿಪಾಠ ಮಾಡಿಸಿತ್ತು. ಅಪ್ಪನಿಗಂತೂ ಅದು ಮೈಯೊಳಗೆ ಇಳಿದ ನ್ಯಾಯ. ನಾವು ಉಳುತ್ತಿದ್ದ ಒಂದು ಹೊಲ ಆ ಒಂದು ಶಬ್ದದಿಂದಲೇ ನಮಗೆ ಉಳಿದಿತ್ತು, ಆ ಅರ್ಜಿಯನ್ನು ಬರೆದವರು ಇದೇ ಕಾಕಾ.

"ಕಬ್ಜಾ ಯಾರದೈತಿ, ಅಣ್ಣಾರ? ಆ ಜೀವಾ ಹಗಲೂ ರಾತ್ರಿ ನಡಸೋರು ಯಾರು?"

ಅಪ್ಪ ಆ ಶಬ್ದದ ಮೇಲೆ ಬೆರಳಿಟ್ಟರು.

"ನೀವು ಹೇಳ್ರಿ ಮಾಸ್ತರ," ಎಂದು ನನ್ನ ಕಡೆ ತಿರುಗಿದರು. ನಾನು, ನಾಚಿಕೆಯಿಲ್ಲದೆ, "ಅಪ್ಪ ಹೇಳಿದಾಂಗ್ರಿ" ಎಂದೆ. ಕಾಕಾ ನನ್ನನ್ನು ಬಿಟ್ಟರು. ಮತ್ತೆ ಕೇಳಲಿಲ್ಲ.

"ಆಕೀದೈತಿ," ಎಂದರು ಅಪ್ಪ. "ಕಬ್ಜಾ ಆಕೀದೈತಿ."

"ಹಂಗಾರ ಏಳ್ರಿ. ಓದಿ ಹೇಳಿ ಬರೂನು."

ಅವರು ಅಷ್ಟು ಬೇಗ ನಡೆದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅರ್ಧ ಬರೆದ ಯಾರದೋ ಕಾಗದವನ್ನು ಹಾಗೇ ಬಿಟ್ಟು ಎದ್ದರು, ಗಿರಾಕಿ ಬಾಯಿ ತೆರೆದು ನೋಡುತ್ತಲೇ ಉಳಿದ.

ಬಾಣಂತಿ ಮಲಗಿದ್ದ ಖೋಲಿಯ ಬಾಗಿಲಿಗೆ ಪರದೆ ಇತ್ತು. ಕಾಕಾ ಒಳಗೆ ಹೋಗಲಿಲ್ಲ. ಹೊಸ್ತಿಲ ಆಚೆ ನಿಂತು, ಮುಖವನ್ನು ಗೋಡೆಗೆ ಮಾಡಿದರು. ನರ್ಸಬಾಯಿ ಪರದೆ ಸರಿಸಿ ಹಿಡಿದಳು. ಒಳಗೆ ನನ್ನ ಹೆಂಡತಿಯ ಮುಖ ಸುಣ್ಣದ ಬಣ್ಣಕ್ಕೆ ಬಂದಿತ್ತು. ಕಣ್ಣು ಮಾತ್ರ ತೆರೆದಿದ್ದವು. ಅಪ್ಪ ಬಾಗಿಲ ಒಂದು ಬದಿ, ನಾನು ಇನ್ನೊಂದು ಬದಿ.

"ತಂಗಿ, ನಾ ಬಾಂಡ್ ಬರ್ಯೂ ಕಾಕಾ ಬಂದೀನವ್ವಾ. ನಿನ್ನ ಹೆಸರಿಲೆ ಒಂದು ಕಾಗದಾ ಆಗೇತಿ. ಓದ್ತೀನಿ. ಅಲ್ಲೇ ಮಲಕೊಂಡು ಕೇಳು."

ಗೋಡೆಯ ಕಡೆ ನೋಡುತ್ತಲೇ ಓದಿದರು. ಸಾಲಿಗೊಂದು ನಿಲುಗಡೆ, ಎಂದಿನ ಹಾಗೆ. ಕಾಗದದ ಗಡುಸು ಶಬ್ದ ಬಂದಲ್ಲಿ ನಿಂತು ಆಡುಮಾತಿನಲ್ಲಿ ಬಿಡಿಸಿ ಹೇಳಿದರು. ರಕ್ತ ಹಾಕದಿದ್ದರೆ ನೀನು ಉಳಿಯುವುದಿಲ್ಲ ಎಂದು ಡಾಕ್ಟರರು ಹೇಳಿದ್ದನ್ನೂ, ಬೇರೆಯವರ ರಕ್ತ ಬೇಡ ಎಂಬುದು ಮಾವನವರ ನೇಮ ಎಂಬುದನ್ನೂ ಒಂದೇ ದನಿಯಲ್ಲಿ ಹೇಳಿದರು. ಯಾವ ಕಡೆಗೂ ತೂಕ ಹಾಕಲಿಲ್ಲ. ಕೊನೆಗೆ "ಈ ಕಾಗದಾ ಬರದಾಂವ" ಎಂದವರು ಅಲ್ಲಿಗೆ ತಡೆದರು. ಕೆಮ್ಮು ಬಂದವರ ಹಾಗೆ ಗಂಟಲು ಸರಿಮಾಡಿಕೊಂಡು ಕಾಗದ ಮಡಿಚಿದರು. ಆ ಒಂದು ಸಾಲನ್ನು ಓದಲಿಲ್ಲ.

"ಕೇಳಿದೆವ್ವಾ?"

"ಕೇಳೇನ್ರಿ."

"ತಿಳೀತು?"

"ತಿಳದೈತ್ರಿ."

"ಒಪ್ಪಿಗಿ ಐತಿ?"

ಹೊರಗೆ ಯಾರದೋ ಸೈಕಲ್ ಗಂಟೆ ಸದ್ದು ಮಾಡಿತು. ಕಾಕಾ ಇನ್ನೊಮ್ಮೆ ಕೇಳಲಿಲ್ಲ, ಕಾದರು.

"ಇಲ್ರಿ," ಎಂದಳು. ದನಿ ಸಣ್ಣದಿತ್ತು, ಆದರೆ ಮೂವರಿಗೂ ಕೇಳಿಸಿತು. "ಮಾವಾರ ನೇಮಾ ದೊಡ್ಡದೈತ್ರಿ. ಆದ್ರ ನನಗ ಒಪ್ಪಿಗಿ ಇಲ್ಲ. ನನಗ ಬದುಕೂದೈತಿ."

ಅಪ್ಪ ಗೋಡೆಗೆ ಕೈ ಕೊಟ್ಟು ನಿಂತರು. ಅವರು ರೇಗಿಬಿಡುತ್ತಾರೆ ಎಂದುಕೊಂಡಿದ್ದೆ. ರೇಗಲಿಲ್ಲ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡರು. ಆಮೇಲೆ ತಮಗೆ ತಾವೇ ಹೇಳಿಕೊಂಡರು: "ಆಕಿಗಿ ಲಿಂಗದೀಕ್ಷಾ ಕೊಡೂವಾಗ ಸ್ವಾಮಿಗೋಳು ನನ್ನ ಕೇಳಲಿಲ್ಲ. ಆಕೀನ್ನs ಕೇಳಿದ್ರು, ಕಟ್ಕೋತೀ ಏನವ್ವಾ ಅಂತ. ಆಕೀನs ಹೂಂ ಅಂದ್ಲು." ಮತ್ತೆ ಕಾಕಾನಿಗೆ, "ಬ್ಯಾರೆ ಕಾಗದಾ ಬರೀರಿ, ಸಾಹೇಬ್ರ. ಸಾಕ್ಷಿಗೆ ನಾ ಸಹಿ ಹಾಕ್ತೀನಿ."

ರಕ್ತ ಏರಿಸಲು ಒಪ್ಪಿಗೆಯ ಆ ಕಾಗದವನ್ನು ಕಾಕಾ ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತೇ ಬರೆದರು. ಅವರ ಜೀವಮಾನದಲ್ಲಿ ಅಷ್ಟು ಕೆಟ್ಟ ಅಕ್ಷರದ ಕಾಗದ ಮತ್ತೊಂದು ಇರಲಾರದು, ಸಾಲುಗಳು ಇಳಿಜಾರಿನಲ್ಲಿ ಹೋಗಿದ್ದವು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ ನನ್ನ ಹೆಂಡತಿ ಮಲಗಿದಲ್ಲೇ ತನ್ನ ಹೆಸರು ಬರೆದಳು. ಅದರ ಕೆಳಗೆ ಅಪ್ಪನ ಸಹಿ. ಕಂಪೌಂಡರ್ ಮತ್ತು ಡ್ರೈವರ್ ಅಷ್ಟರಲ್ಲೇ ತೋಳು ಏರಿಸಿ ಕುಳಿತಿದ್ದರು. ಡಾಕ್ಟರರು ಯಾರದನ್ನು ತೆಗೆದರು ಎಂದು ಅಪ್ಪ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಜೆಯಷ್ಟೊತ್ತಿಗೆ ಆಕೆಯ ತುಟಿಗೆ ಬಣ್ಣ ಬಂತು.

ಕಾಕಾ ಹಳೆಯ ಕಾಗದವನ್ನು ಹರಿಯಲಿಲ್ಲ. ಅದಕ್ಕೆ ಅಡ್ಡಗೆರೆ ಎಳೆದು ರದ್ದು ಎಂದು ಬರೆದು ನನ್ನ ಕೈಗೆ ಕೊಟ್ಟರು. "ನಿಮ್ಮ ಅಕ್ಷರ, ನಿಮ್ಮ ಹಂತೇಕನs ಇರ್ಲಿ." ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಒಲೆಗೆ ಹಾಕಿದೆ. ಮುಂದಿನ ಬೇಸಿಗೆಯಲ್ಲಿ ನಕಲು ಬರೆಯಲು ಹೋದಾಗ ಅವರು ಎಂದಿನಂತೆ ಬಸಿಯಲ್ಲಿ ಚಹಾ ಸುರಿದು ಕೊಟ್ಟರು, ಎಂದಿನಂತೆ ನನ್ನ ಅಕ್ಷರಕ್ಕೆ ತಪ್ಪು ಹುಡುಕಿದರು. ಆ ದಿನದ ಮಾತನ್ನು ಮುಂದೆ ಯಾವತ್ತೂ ಎತ್ತಲಿಲ್ಲ.

ಅಪ್ಪ ಎಂಟು ದಿನ ಒಪ್ಪತ್ತು ಊಟ ಮಾಡಿದರು. ಅದು ಸೊಸೆಗೋ ತಮಗೋ, ಯಾರ ಪ್ರಾಯಶ್ಚಿತ್ತವೋ ನಮಗೆ ತಿಳಿಯಲಿಲ್ಲ. ಬಾಣಂತನ ಮುಗಿದು ಆಕೆ ಎದ್ದು ಓಡಾಡತೊಡಗಿದ ದಿನ, ಪೂಜೆಗೆ ಕುಳಿತವರು ಒಳಗೆ ಕೂಗಿದರು: "ಯವ್ವಾ, ಪತ್ರಿ ತಾ." ಬೇರೆ ಯಾರನ್ನೋ ಕರೆದದ್ದಿರಬೇಕೆಂದು ಆಕೆ ಸುಮ್ಮನಿದ್ದಳು. "ನಿನಗs ಅಂದೆ," ಎಂದರು. ಅಂದಿನಿಂದ ಅವರಿರುವವರೆಗೆ ಪೂಜೆಯ ಪತ್ರಿ ಆಕೆಯ ಕೈಯಿಂದಲೇ ಹೋಯಿತು. ಇತ್ತ ನನ್ನ ಹೆಂಡತಿಗೆ ಮಿರ್ಚಿ ಭಜಿಯ ಹುಚ್ಚು ಹಿಡಿಯಿತು. ಬೈದರೆ, "ನಾ ಅಲ್ರಿ, ಒಳಗಿನ ಡ್ರೈವರ್ ಕೇಳಾಕತ್ತಾನ" ಎನ್ನುತ್ತಾಳೆ. ಆ ಕೂಸು ಈಗ ಮೂರನೆಯ ಇಯತ್ತೆ. ನನ್ನದೇ ಕ್ಲಾಸಿನಲ್ಲಿ ಕುಳಿತು, ನನಗೇ ಎದುರು ಮಾತಾಡುತ್ತದೆ. ನನಗೆ ಅದರಿಂದ ಒಳಗೊಳಗೇ ಬಹಳ ಸಮಾಧಾನ.

ಒಂದು ವಿಷಯ ಮಾತ್ರ ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿ ಉಳಿದಿತ್ತು. ಕಾಕಾ ಹೋದ ಸುದ್ದಿ ಕೇಳಿ ಮನೆಗೆ ಬಂದ ಸಂಜೆ ಇನ್ನು ತಡೆಯಲಾಗಲಿಲ್ಲ. ಹೆಂಡತಿ ಅಂಗಳದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಸುದ್ದಿ ಹೇಳಿದೆ. ಕೈ ನಿಲ್ಲಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಆಕೆಯ ಎದುರು ಕುಳಿತೆ.

"ಅವತ್ತ ದವಾಖಾನ್ಯಾಗ ಕಾಕಾ ಓದಿದ್ರಲ್ಲ, ಬ್ಯಾಡ ಅನ್ನೂ ಕಾಗದಾ. ಅದನ್ನ ಬರದಾಂವ ನಾ."

"ಗೊತ್ತೈತಿ," ಎಂದಳು.

"ಕಾಕಾ ಹೇಳಿದ್ರೇನು?"

"ಅವ್ರೆಲ್ಲಿ ಹೇಳ್ತಾರ. ನೀವು ಬಾಗಲದಾಗ ನಿಂತಿದ್ರಿ. ಬೆರಳಿಗೆಲ್ಲ ಶಾಯಿ ಹತ್ತಿತ್ತು."

ನಾನು ನನ್ನ ಬೆರಳು ನೋಡಿಕೊಂಡೆ. ಆಕೆ ಮತ್ತೆ ಶೇಂಗಾ ಸುಲಿಯತೊಡಗಿದಳು. ನಾಲ್ಕು ಕಾಳು ನನ್ನ ಅಂಗೈಗೆ ಹಾಕಿದಳು.

"ಮಾವಾರಿಗೆ ನಾ ಎಂದರ ಎದುರು ಮಾತಾಡೀನೇನ್ರಿ? ಒಪ್ಪಿಗಿ ಇಲ್ಲ ಅಂತ ನಾ ಅವತ್ತ ಅವ್ರಿಗೆ ಅಂದಿಲ್ಲ. ನಿಮಗ ಅಂದೀನಿ."